ವಂಶವೃಕ್ಷ ಕೊಟ್ಟರೂ ಬ್ಯಾಂಕಿನವರು ಕೋರ್ಟಿನ ಪತ್ರ ಕೇಳುತ್ತಿದ್ದಾರೆ: ಯಾವ ಪ್ರಮಾಣ ಪತ್ರ ಯಾವುದಕ್ಕೆ?

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ಯುಗಾದಿ ಕಳೆದ ಮೇಲೆ ನಮ್ಮ ತಂದೆ ತೀರಿಕೊಂಡರು. ಊರು ಹಾಸನ ಜಿಲ್ಲೆಯಲ್ಲಿ. ಮರಣ ಪ್ರಮಾಣ ಪತ್ರ ತೊಂದರೆಯಿಲ್ಲದೆ ಸಿಕ್ಕಿತು. ನಾಡಕಚೇರಿಯಲ್ಲಿ ಅರ್ಜಿ ಹಾಕಿ ವಂಶವೃಕ್ಷವನ್ನೂ ಪಡೆದಿದ್ದೇನೆ. ಅಲ್ಲಿಂದಾಚೆ ಒಬ್ಬೊಬ್ಬರದು ಒಂದೊಂದು ಮಾತು. ಜೀವ ವಿಮೆಯವರು ವಂಶವೃಕ್ಷವನ್ನು ಕಣ್ಣೆತ್ತಿಯೂ ನೋಡಲಿಲ್ಲ, ನಾಮಿನಿ ಯಾರು ಎಂದಷ್ಟೇ ಕೇಳಿದರು. ಜಮೀನಿನ ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ವಂಶವೃಕ್ಷ ಸಾಕು ಎಂದು ಕಂದಾಯ ನಿರೀಕ್ಷಕರು ಹೇಳಿದರು. ಬ್ಯಾಂಕಿನಲ್ಲಿ ಮಾತ್ರ ತಕರಾರು. ಅಪ್ಪ ಒಂದು ಠೇವಣಿಗೆ ನಾಮಿನಿ ಹೆಸರು ಬರೆಸಿಲ್ಲ. ಅದಕ್ಕೆ ‘ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣ ಪತ್ರ ತನ್ನಿ’ ಎನ್ನುತ್ತಿದ್ದಾರೆ. ಠೇವಣಿ ಇರುವುದು ಆರು ಲಕ್ಷ ಚಿಲ್ಲರೆ.

ಸರ್ಕಾರದ ಮುದ್ರೆ ಇರುವ ಪತ್ರಕ್ಕೆ ಇನ್ನೊಂದು ಕಡೆ ಬೆಲೆಯೇ ಇಲ್ಲವೇ? ಮನೆಯಲ್ಲಿ ಅಮ್ಮ, ನಾನು, ತಮ್ಮ ಇದ್ದೇವೆ. ತಂಗಿ ದುಬೈನಲ್ಲಿದ್ದಾಳೆ. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ನಮ್ಮ ಜೊತೆಯಲ್ಲೇ ಇದ್ದಾರೆ. ಜಗಳ ಗಿಗಳ ಏನೂ ಇಲ್ಲ. ತಿಳಿದವರು ದಾರಿ ತೋರಿಸಿ.

ಹಳೆಯ ಗುಮಾಸ್ತ
ಅಮ್ಮಾ, ಕಂದಾಯ ಇಲಾಖೆಯಲ್ಲಿ ಜೀವ ಸವೆಸಿ ನಿವೃತ್ತನಾದವನು ನಾನು. ವಂಶವೃಕ್ಷಕ್ಕೆ ಬೆಲೆ ಇಲ್ಲವೆಂದಲ್ಲ. ಅದು ಏನನ್ನು ಹೇಳುತ್ತದೋ ಅಷ್ಟಕ್ಕೆ ಮಾತ್ರ ಬೆಲೆ. ಇವರು ಇಂಥವರ ಹೆಂಡತಿ, ಇವರು ಮಕ್ಕಳು ಎಂದು ಸಂಬಂಧವನ್ನು ಹೇಳುತ್ತದೆ. ಯಾರಿಗೆ ಎಷ್ಟು ಪಾಲು, ಯಾರ ಕೈಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರಿದಂತೆ ಎಂಬುದನ್ನು ಅದು ಹೇಳುವುದಿಲ್ಲ. ಹೇಳುವ ಅಧಿಕಾರ ತಹಶೀಲ್ದಾರರಿಗೂ ಇಲ್ಲ.

ಅದು ತಯಾರಾಗುವ ಬಗೆ ಗೊತ್ತಿದ್ದರೆ ಯಾರೂ ಅದನ್ನು ಅಷ್ಟು ನಂಬುವುದಿಲ್ಲ. ನೀವು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಹೆಸರುಗಳನ್ನು ಬರೆದುಕೊಡುತ್ತೀರಿ. ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನಬೇಕಂತೆ) ಅಕ್ಕಪಕ್ಕದ ನಾಲ್ಕು ಜನರನ್ನು ಕರೆದು ಕೇಳಿ ಮಹಜರು ಬರೆಯುತ್ತಾರೆ. ಜಗಲಿಯ ಮೇಲೆ ಕುಳಿತವರು ‘ಹೌದು ಸ್ವಾಮಿ, ಇಷ್ಟೇ ಜನ’ ಎಂದು ಸಹಿ ಹಾಕುತ್ತಾರೆ. ಕಂದಾಯ ನಿರೀಕ್ಷಕರ ವರದಿ, ಉಪ ತಹಶೀಲ್ದಾರರ ಡಿಜಿಟಲ್ ಸಹಿ, ಮುಗಿಯಿತು. ಬುಡದಲ್ಲಿರುವುದು ನಿಮ್ಮ ಮಾತು, ನೆರೆಯವರ ಮಾತು.

ಝೆರಾಕ್ಸ್ ಪ್ರಿಯ
ಏನೇ ಆಗಲಿ, ಮರಣ ಪ್ರಮಾಣ ಪತ್ರದ ಮೂಲ ಪ್ರತಿಗಳನ್ನು ಐದಾರು ತೆಗೆದಿಟ್ಟುಕೊಳ್ಳಿ ಮೇಡಂ.

ಕರಿಕೋಟು
ಗುಮಾಸ್ತ ರಾಯರು ಹೇಳಿದ್ದು ಸರಿ. ಕಾನೂನಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಉತ್ತರಾಧಿಕಾರ ಪ್ರಮಾಣ ಪತ್ರ ಬರುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಿಂದ. ಅರ್ಜಿ ಹಾಕುವುದು 372ನೇ ಕಲಮಿನಡಿ, ಸಿವಿಲ್ ನ್ಯಾಯಾಲಯದಲ್ಲಿ. ಮೃತರಿಗೆ ಬರಬೇಕಾದ ಸಾಲ, ಠೇವಣಿ, ಷೇರು, ಬಾಂಡು ಇಂಥವಕ್ಕೆ ಮಾತ್ರ ಅದು. ಜಮೀನು, ಮನೆಗೆ ಅದರಿಂದ ಏನೂ ಆಗುವುದಿಲ್ಲ. ಅದರ ಗುಣವೇನೆಂದರೆ, ಪತ್ರ ಹಿಡಿದು ಬಂದವರಿಗೆ ಬ್ಯಾಂಕು ಪ್ರಾಮಾಣಿಕವಾಗಿ ಹಣ ಕೊಟ್ಟರೆ ನಾಳೆ ಇನ್ನೊಬ್ಬ ವಾರಸುದಾರ ಬಂದು ಬ್ಯಾಂಕಿನ ಕೊರಳಪಟ್ಟಿ ಹಿಡಿಯುವಂತಿಲ್ಲ. ಬ್ಯಾಂಕಿಗೆ ಬೇಕಾಗಿರುವುದು ಆ ರಕ್ಷಣೆ, ನಿಮ್ಮ ಮನೆಯ ಸಂಬಂಧಗಳ ಪಟ್ಟಿಯಲ್ಲ. ನ್ಯಾಯಾಲಯ ಶುಲ್ಕ ಮೊತ್ತಕ್ಕೆ ತಕ್ಕಂತೆ ಏರುತ್ತದೆ, ಪತ್ರಿಕಾ ಪ್ರಕಟಣೆಯ ಖರ್ಚೂ ಇರುತ್ತದೆ. ಆದ್ದರಿಂದ ಬೇಕೇ ಬೇಕೆಂದಾಗ ಮಾತ್ರ ಆ ದಾರಿ ಹಿಡಿಯಿರಿ.

ಒಂದು ಪ್ರಶ್ನೆ: ನಿಮ್ಮ ವಂಶವೃಕ್ಷದಲ್ಲಿ ಅಜ್ಜಿಯ ಹೆಸರು ಇದೆಯೇ?

ಹೇಮಾವತಿ ದಂಡೆ
ಇಲ್ಲ ಸರ್. ಮೇಲೆ ಅಪ್ಪನ ಹೆಸರು, ಕೆಳಗೆ ಅಮ್ಮ ಮತ್ತು ನಾವು ಮೂವರು. ಅರ್ಜಿ ಟೈಪ್ ಮಾಡಿದವರೇ ‘ಮೃತರಿಂದ ಕೆಳಗೆ ಸಾಕು’ ಎಂದರು.

ಕರಿಕೋಟು
ಅಂದುಕೊಂಡೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಬರೆಯದೆ ಸತ್ತರೆ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಯೂ ಮೊದಲನೆಯ ವರ್ಗದ ವಾರಸುದಾರಳು. ತಂದೆ ಆ ವರ್ಗದಲ್ಲಿ ಇಲ್ಲ, ತಾಯಿ ಇದ್ದಾಳೆ. ಠೇವಣಿ ನಿಮ್ಮ ತಂದೆಯ ಸ್ವಂತ ದುಡಿಮೆಯದಾದರೆ ಐದು ಪಾಲು: ಅಜ್ಜಿ, ಅಮ್ಮ, ನೀವು ಮೂವರು. ಅಜ್ಜಿಯನ್ನು ಬಿಟ್ಟು ಹಣ ಪಡೆದು, ನಾಳೆ ಚಿಕ್ಕಪ್ಪನೋ ಅತ್ತೆಯೋ ಅಜ್ಜಿಯ ಪರವಾಗಿ ಕೇಳಿದರೆ ಉತ್ತರ ಹೇಳುವವರು ನೀವು. ವಂಶವೃಕ್ಷವನ್ನು ತಿದ್ದಿಸಿ, ಅಥವಾ ಅಜ್ಜಿಯನ್ನೂ ಸೇರಿಸಿ ‘ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ ಪತ್ರ’ ಪಡೆಯಿರಿ. ನಾಡಕಚೇರಿಯಲ್ಲಿ ಅದು ಬೇರೆಯದೇ ಸೇವೆ.

ಕೌಂಟರ್ ನಂಬರ್ ನಾಲ್ಕು
ನಾನು ಬ್ಯಾಂಕಿನವನು, ನಿಮ್ಮ ಬ್ಯಾಂಕಿನವನಲ್ಲ. ಹೇಮಾವತಿಯವರೇ, ನಿಮ್ಮದು ವಾಣಿಜ್ಯ ಬ್ಯಾಂಕೋ ಸಹಕಾರಿ ಬ್ಯಾಂಕೋ? ಉತ್ತರ ಅದರ ಮೇಲಿದೆ. ಮೃತ ಗ್ರಾಹಕರ ಹಣದ ಬಗ್ಗೆ ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊಸ ನಿರ್ದೇಶನ ಕೊಟ್ಟಿದೆ, 2026ರ ಮಾರ್ಚ್ 31ರೊಳಗೆ ಎಲ್ಲರೂ ಜಾರಿಗೆ ತರಬೇಕೆಂದು ಗಡುವು. ನಾಮಿನಿ ಇಲ್ಲದ, ಜಗಳವೂ ಇಲ್ಲದ, ವಿಲ್ ಕೂಡ ಇಲ್ಲದ ಖಾತೆಗಳಲ್ಲಿ ವಾಣಿಜ್ಯ ಬ್ಯಾಂಕಿಗೆ 15 ಲಕ್ಷ, ಸಹಕಾರಿ ಬ್ಯಾಂಕಿಗೆ 5 ಲಕ್ಷ ರೂಪಾಯಿಯವರೆಗೆ ಕೋರ್ಟಿನ ಪತ್ರ ಕೇಳದೆಯೇ ಇತ್ಯರ್ಥ ಮಾಡಬೇಕು. ಬ್ಯಾಂಕು ತನ್ನ ಮಿತಿಯನ್ನು ಅದಕ್ಕಿಂತ ಹೆಚ್ಚಿಸಬಹುದು, ಇಳಿಸುವಂತಿಲ್ಲ. ಅರ್ಜಿ, ಮರಣ ಪ್ರಮಾಣ ಪತ್ರ, ಗುರುತಿನ ದಾಖಲೆ, ನಷ್ಟಭರ್ತಿ ಪತ್ರ, ಹಣ ಬೇಡವೆನ್ನುವ ವಾರಸುದಾರರ ಒಪ್ಪಿಗೆ ಪತ್ರ, ವಾರಸುದಾರರು ಯಾರೆಂಬ ದಾಖಲೆ, ಇಷ್ಟು ಸಾಕು. ದಾಖಲೆಗಳೆಲ್ಲ ಸೇರಿದ ಮೇಲೆ 15 ದಿನದೊಳಗೆ ಮುಗಿಸಬೇಕು.

ಹೆಚ್ಚಿನ ಕಡೆ ಹೀಗಾಗುತ್ತದೆ: ಕೌಂಟರಿನಲ್ಲಿ ಕುಳಿತ ಹುಡುಗನಿಗೆ ಸುತ್ತೋಲೆ ಓದಲು ಪುರುಸೊತ್ತಿಲ್ಲ. ಕೋರ್ಟಿನ ಪತ್ರ ಕೇಳಿಬಿಟ್ಟರೆ ತನ್ನ ತಲೆ ಉಳಿಯುತ್ತದೆ ಎಂಬ ಲೆಕ್ಕಾಚಾರ. ವ್ಯವಸ್ಥಾಪಕರಿಗೆ ಲಿಖಿತವಾಗಿ ಬರೆಯಿರಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎನ್ನುವವರು ಕಾಗದದ ಮೇಲೆ ಹಾಗೆ ಬರೆದುಕೊಡಲು ಹಿಂಜರಿಯುತ್ತಾರೆ.

ಹೇಮಾವತಿ ದಂಡೆ
ವಾಣಿಜ್ಯ ಬ್ಯಾಂಕೇ ಸರ್. ಸೋಮವಾರವೇ ಬರೆದು ಕೊಡುತ್ತೇನೆ.

ಕುಣಿಗಲ್ ಕಡೆಯವ
ನಾಮಿನಿ ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ನಾಮಿನಿಗೆ ಸೇರಿತು, ಕಥೆ ಮುಗಿಯಿತು.

ಕರಿಕೋಟು
ಕುಣಿಗಲ್ಲಿನವರೇ, ಮುಗಿಯುವುದಿಲ್ಲ. ನಾಮಿನಿ ಎಂದರೆ ಬ್ಯಾಂಕು ಯಾರ ಕೈಗೆ ಹಣ ಕೊಡಬೇಕು ಎಂಬುದಷ್ಟೆ. ಪಡೆದವರು ಉಳಿದ ವಾರಸುದಾರರ ಪರವಾಗಿ ಅದನ್ನು ಇಟ್ಟುಕೊಂಡವರು, ಒಡೆಯರಲ್ಲ. ಈಗ 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೂ ನಾಮಿನಿಗಳನ್ನು ಬರೆಸಬಹುದು, ಯಾರಿಗೆ ಎಷ್ಟು ಶೇಕಡಾ ಎಂದೂ ಹೇಳಬಹುದು. ಹಾಗೆಂದು ನಾಮಿನಿ ವಾರಸುದಾರನಾಗುವುದಿಲ್ಲ.

ಮಲಪ್ರಭಾ
ವಂಶವೃಕ್ಷದ ಮಾತು ಬಂದಿತಲ್ಲ, ನನ್ನ ಹೊಟ್ಟೆಯ ಸಂಕಟವನ್ನೂ ಕೇಳಿ. ನಮ್ಮ ತವರಿನ ವಂಶವೃಕ್ಷದ ಪ್ರತಿ ಈಗ ನನ್ನ ಮುಂದಿದೆ. ಮೇಲೆ ಅಪ್ಪನ ಚೌಕ, ಪಕ್ಕದಲ್ಲಿ ‘ಮೃತ’ ಎಂದು ಬರೆದಿದೆ. ಅದರಿಂದ ಮೂರು ಗೆರೆಗಳು ಇಳಿದಿವೆ: ಅವ್ವ, ಅಣ್ಣ, ತಮ್ಮ. ನಾವು ಇಬ್ಬರು ಹೆಣ್ಣುಮಕ್ಕಳಿಗೆ ಗೆರೆಯೇ ಇಲ್ಲ. ಕೆಳಗೆ ಐವರು ಪಂಚರ ಸಹಿ. ಅದರಲ್ಲಿ ಒಬ್ಬರು ನನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕಿದವರು! ಆ ವಂಶವೃಕ್ಷದ ಮೇಲೆ ಪೌತಿ ಖಾತೆಯಾಗಿ, ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಬಂದಿದೆ. ಕೇಳಿದರೆ ‘ನಿಮಗೆ ಮದುವೆ ಮಾಡಿ ಕೊಟ್ಟಾಯಿತಲ್ಲ’ ಎನ್ನುತ್ತಾರೆ.

ಕುಣಿಗಲ್ ಕಡೆಯವ
ತಪ್ಪು ತಿಳಿಯಬೇಡಿ ಅಕ್ಕಾ, ಹಳ್ಳಿಯಲ್ಲಿ ಹೆಣ್ಣುಮಕ್ಕಳು ಬಾಯಿಮಾತಿನಲ್ಲೇ ‘ನಮಗೇನೂ ಬೇಡ’ ಎಂದಿರುತ್ತಾರೆ. ವರದಕ್ಷಿಣೆ, ಬಂಗಾರ, ಬಾಣಂತನ ಎಲ್ಲ ತವರಿನವರೇ ನೋಡಿರುತ್ತಾರೆ. ಆಮೇಲೆ ಜಮೀನಿಗೆ ಬೆಲೆ ಬಂದ ಮೇಲೆ ನೆನಪಾಗುತ್ತದೆ.

ಮಲಪ್ರಭಾ
ತಮ್ಮಾ, ಬೇಡ ಎನ್ನಬೇಕಾದರೂ ಮೊದಲು ನನ್ನ ಹೆಸರು ಇರಬೇಕಲ್ಲವೇ? ಇಲ್ಲದವಳು ಏನನ್ನು ಬಿಟ್ಟುಕೊಡುವುದು?

ಹಳೆಯ ಗುಮಾಸ್ತ
ಇದಕ್ಕೆ ಮೇಲಿನ ಮಾತೇ ಇಲ್ಲ. ಹಕ್ಕು ಬಿಡುವುದಾದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಬಾಯಿಮಾತಿನ ತ್ಯಾಗಕ್ಕೆ ಕಂದಾಯ ಕಚೇರಿಯಲ್ಲಿ ಜಾಗವಿಲ್ಲ. ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ವಂಶವೃಕ್ಷ ಸುಳ್ಳು ದಾಖಲೆ. ಬರೆಸಿದವರೂ ಮಹಜರಿಗೆ ಸಹಿ ಹಾಕಿದವರೂ ಸಿಕ್ಕಿಬೀಳಬಹುದು.

ಕರಿಕೋಟು
ಮಲಪ್ರಭಾ ಮೇಡಂ, ಎದೆಗುಂದಬೇಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮು ನೋಡಿ: ಬೇರೆ ರೀತಿ ಸಾಬೀತಾಗುವವರೆಗೆ ಆ ನಮೂದನ್ನು ನಿಜವೆಂದು ಭಾವಿಸಬೇಕು, ಅಷ್ಟೇ. ಮ್ಯುಟೇಶನ್ (ಖಾತೆ ಬದಲಾವಣೆ) ಆದೇಶದ ವಿರುದ್ಧ ಉಪವಿಭಾಗಾಧಿಕಾರಿಗಳ ಬಳಿ ಮೇಲ್ಮನವಿ ಹಾಕಬಹುದು, ಪಾಲಿಗೆ ಸಿವಿಲ್ ದಾವೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿತ್ತು ಎಂಬ ವಾದವನ್ನೂ ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಪಾಲು ನೋಂದಣಿಯಾಗಿದ್ದರೆ ಮಾತ್ರ ಕಥೆ ಬೇರೆ.

ಝೆರಾಕ್ಸ್ ಪ್ರಿಯ
ಅಕ್ಕಿಕಾಳು ಹಾಕಿದವರು ಊಟ ಮಾಡಿದ್ದನ್ನೂ ಮರೆತರೇ!

ಸಿಇಟಿ ಅಪ್ಪ
ವಿಷಯಾಂತರಕ್ಕೆ ಕ್ಷಮೆ ಇರಲಿ. ಮಗಳ ಸಿಇಟಿಗೆ 2ಎ ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಬೇಕು. ಮಗ ಕಾಲೇಜು ಸೇರುವಾಗ ಮಾಡಿಸಿದ ಹಳೆಯದೊಂದಿದೆ. ಅದೇ ನಡೆಯುತ್ತದೆಯೇ?

ನಾಡಕಚೇರಿ ಪಕ್ಕದ ಅಂಗಡಿ
ಅಣ್ಣಾ, ಮಗನದು ಮಗಳಿಗೆ ಹೇಗೆ ನಡೆಯುತ್ತದೆ? ಮಗಳ ಹೆಸರಿನಲ್ಲೇ ಇರಬೇಕು. ಅದರಲ್ಲಿರುವ ಆರ್‌ಡಿ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ತುಂಬುವುದು. ಸಂಖ್ಯೆ ಹಾಕಿದಾಗ ಹೆಸರು ಹೊಂದದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೇಗಿದೆಯೋ ಹಾಗೆಯೇ ಬರೆಸಿ. ಪರಿಶಿಷ್ಟರಿಗೆ ನಮೂನೆ ‘ಡಿ’, ಪ್ರವರ್ಗ 1ಕ್ಕೆ ‘ಇ’, ನಿಮ್ಮ 2ಎ ಸೇರಿ ಉಳಿದ ಹಿಂದುಳಿದ ವರ್ಗಗಳಿಗೆ ‘ಎಫ್’. ಮೊದಲ ಎರಡಕ್ಕೆ ಅವಧಿಯ ಚಿಂತೆಯಿಲ್ಲ. ‘ಎಫ್’ನಲ್ಲಿ ಆದಾಯವೂ ಸೇರಿರುವುದರಿಂದ 5 ವರ್ಷ.

ಸಿಇಟಿ ಅಪ್ಪ
ಇದನ್ನೇ ಇಟ್ಟುಕೊಂಡು ಕೇಂದ್ರದ ಕಾಲೇಜುಗಳಿಗೂ ಅರ್ಜಿ ಹಾಕಬಹುದು ತಾನೇ?

ನಾಡಕಚೇರಿ ಪಕ್ಕದ ಅಂಗಡಿ
ಇಲ್ಲವೇ ಇಲ್ಲ. ಪ್ರತಿ ವರ್ಷ ಮಕ್ಕಳು ಎಡವುವುದು ಇಲ್ಲೇ. ಕೇಂದ್ರದ ಒಬಿಸಿ ನಮೂನೆ ಬೇರೆ, ಕೇಂದ್ರದ ಪಟ್ಟಿಯೂ ಬೇರೆ. ನಿಮ್ಮ ಜಾತಿ ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ, ಮೊದಲು ನೋಡಿಕೊಳ್ಳಿ. ಕೆನೆಪದರದ (ಮೀಸಲಾತಿ ಸಿಗದಷ್ಟು ಸ್ಥಿತಿವಂತರೆಂದು ಲೆಕ್ಕ ಹಾಕುವ) ಮಿತಿ 2017ರಿಂದ ವರ್ಷಕ್ಕೆ 8 ಲಕ್ಷ. ಆ ಲೆಕ್ಕಕ್ಕೆ ಸಂಬಳವನ್ನೂ ಕೃಷಿ ಆದಾಯವನ್ನೂ ಸೇರಿಸುವುದಿಲ್ಲ. ಸರ್ಕಾರಿ ನೌಕರರಾದರೆ ತಂದೆತಾಯಿಯ ಹುದ್ದೆಯ ದರ್ಜೆ ನೋಡುತ್ತಾರೆ.

ಶರಾವತಿ ಟೀಚರ್
ಇದರಲ್ಲೊಂದು ಸೂಕ್ಷ್ಮವಿದೆ. ಮದುವೆಯಾದ ಹೆಣ್ಣುಮಕ್ಕಳು ಕೇಂದ್ರದ ಒಬಿಸಿ ಪ್ರಮಾಣ ಪತ್ರ ಕೇಳಿದಾಗ ಗಂಡನ ಆದಾಯ ತನ್ನಿ ಎನ್ನುತ್ತಾರೆ. ನಿಯಮ ಹಾಗಿಲ್ಲ. ನೋಡಬೇಕಾದದ್ದು ತಂದೆತಾಯಿಯ ಸ್ಥಿತಿಯನ್ನು. ಜಾತಿಯೂ ಹುಟ್ಟಿನಿಂದಲೇ, ಮದುವೆಯಿಂದ ಬದಲಾಗುವುದಿಲ್ಲ.

ಕುಣಿಗಲ್ ಕಡೆಯವ
ಆಸ್ತಿಗೆ ತವರು, ಮೀಸಲಾತಿಗೂ ತವರು!

ಶರಾವತಿ ಟೀಚರ್
ಹೌದು, ಹುಟ್ಟಿದ್ದು ಅಲ್ಲಿಯೇ. ನಿಮಗೇನಾದರೂ ಆಕ್ಷೇಪಣೆ ಇದ್ದರೆ ಮಹಜರಿಗೆ ಬನ್ನಿ.

ತುಂಗಭದ್ರಾ ಎಡದಂಡೆ
ಟೀಚರ್‌ಗೆ ಜಯವಾಗಲಿ. ನಮ್ಮ ಕಡೆಯದನ್ನೂ ಹೇಳಿಬಿಡುತ್ತೇನೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಅರ್ಹತಾ ಪ್ರಮಾಣ ಪತ್ರ ಬೇಕು, ಅದನ್ನು ಕೊಡುವುದು ಉಪವಿಭಾಗಾಧಿಕಾರಿಗಳು, ನಾಡಕಚೇರಿಯಲ್ಲ. ಅಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ವಾಸವಿದ್ದವರಾಗಿರಬೇಕು, ಅಥವಾ ಅಂಥವರ ಮಕ್ಕಳಾಗಿರಬೇಕು. ಹುದ್ದೆಯ ಪ್ರಕಟಣೆ ಬಂದ ಮೇಲೆ ಓಡುವವರೇ ಹೆಚ್ಚು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳದೂ ಅದೇ ಕಥೆ. ಒಂದರಿಂದ ಹತ್ತರವರೆಗೆ ಎರಡು ಶಾಲೆಗಳಲ್ಲಿ ಓದಿದ್ದರೆ ಎರಡು ಕಡೆಯ ಮುಖ್ಯಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ. ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣರಿಗೆ ಶೇ. 25, ಕನ್ನಡ ಮಾಧ್ಯಮಕ್ಕೆ ಶೇ. 5. ಆ ಒಂದು ಮೇಲುಸಹಿ ಇಲ್ಲದೆ ಕೆಲಸ ಕಳೆದುಕೊಂಡವರನ್ನು ನಾನು ಬಲ್ಲೆ.

ಜೂನ್ ಒಂದು
ಪ್ರಮಾಣ ಪತ್ರದ ಸತ್ಯ ನೋಡಬೇಕೆಂದರೆ ನಮ್ಮ ತಲೆಮಾರಿನ ಹುಟ್ಟಿದ ದಿನಗಳನ್ನು ನೋಡಿ. ನಮ್ಮ ತರಗತಿಯ ಅರ್ಧಕ್ಕರ್ಧ ಮಕ್ಕಳು ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮೇಷ್ಟರು ವಯಸ್ಸು ಎಣಿಸಿ ಬರೆದ ದಿನ ಅದು. ನನ್ನ ಅವ್ವ ಹೇಳುವ ಪ್ರಕಾರ ನಾನು ಹುಟ್ಟಿದ್ದು ಕಾರ್ತಿಕ ಮಾಸದ ಜಾತ್ರೆಯ ಮರುದಿನ. ಪ್ರತಿ ಜೂನ್ ಒಂದರಂದು ಬ್ಯಾಂಕು, ವಿಮೆ, ಮೊಬೈಲ್ ಕಂಪನಿ ಎಲ್ಲವೂ ಶುಭಾಶಯ ಕಳಿಸುತ್ತವೆ, ಮನೆಯವರು ಮಾತ್ರ ಕಳಿಸುವುದಿಲ್ಲ.

ಕಡಲಮಗ
ಅದನ್ನು ಈಗ ತಿದ್ದಿಸಬಹುದೇ ಜೂನ್ ಒಂದು ಅವರೇ? ಆಧಾರ್‌ನಲ್ಲಿ ನಿಜವಾದ ದಿನ ಹಾಕಿಸಿ, ಅದನ್ನೇ ತೋರಿಸಿದರಾಯಿತಲ್ಲ.

ಹಳೆಯ ಗುಮಾಸ್ತ
ಆಧಾರ್ ಗುರುತಿಗೆ, ಹುಟ್ಟಿದ ದಿನದ ಸಾಕ್ಷ್ಯಕ್ಕಲ್ಲ. ಭವಿಷ್ಯ ನಿಧಿಯವರು 2024ರ ಜನವರಿಯಲ್ಲೇ ಜನ್ಮದಿನಾಂಕದ ದಾಖಲೆಗಳ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಅದೇ ವರ್ಷ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಆಧಾರ್ ಬಿಟ್ಟು ಶಾಲೆ ಬಿಟ್ಟ ಪ್ರಮಾಣ ಪತ್ರದ ದಿನಾಂಕವನ್ನೇ ಹಿಡಿಯಿತು. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ತಿದ್ದುಪಡಿ ಕೇಳಲು ಸೇರಿದ ಮೇಲೆ 3 ವರ್ಷದ ಗಡುವಿದೆ. ನಿವೃತ್ತಿ ಹತ್ತಿರ ಬಂದಾಗ ನಿಜವಾದ ಜಾತಕ ಹುಡುಕುವವರನ್ನು ಕಂಡೇ ಆ ನಿಯಮ ಮಾಡಿದ್ದು.

ಈಗ ಹುಟ್ಟುವ ಮಕ್ಕಳಿಗೆ ಈ ಗೊಂದಲ ಇರುವುದಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನನ ಪ್ರಮಾಣ ಪತ್ರವೊಂದೇ ದಾಖಲೆ. 21 ದಿನದೊಳಗೆ ನೋಂದಣಿ ಮಾಡಿಸಿ, ಪುಕ್ಕಟೆ. ಒಂದು ವರ್ಷ ದಾಟಿತೋ, ದಂಡಾಧಿಕಾರಿಗಳ ಆದೇಶ ಬೇಕು. ಮಗುವಿಗೆ ಹೆಸರು ಇಟ್ಟಿಲ್ಲವೆಂದು ಕಾಯಬೇಡಿ, ಹೆಸರನ್ನು ಆಮೇಲೆಯೂ ಸೇರಿಸಬಹುದು.

ಪಿಂಚಣಿ ರಾಯರು
ನೀವೆಲ್ಲ ಹುಟ್ಟು, ಸಾವು ಎನ್ನುತ್ತಿದ್ದೀರಿ. ನಾನು ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಎಂದು ಪ್ರಮಾಣ ಪತ್ರ ಕೊಡಬೇಕು. ಹೋದ ಸಲ ಬೆರಳಚ್ಚು ಹತ್ತಲಿಲ್ಲ. ಎದುರಿಗೆ ಕೂತು ಮಾತಾಡುತ್ತಿದ್ದೇನೆ, ಯಂತ್ರ ಒಪ್ಪುತ್ತಿಲ್ಲ! ಕೊನೆಗೆ ಮೊಮ್ಮಗ ಮೊಬೈಲಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಿಸಿದ. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ನನ್ನ ವಯಸ್ಸಿನವರಿಗೆ ತಿಳಿದಿರಲಿ.

ಝೆರಾಕ್ಸ್ ಪ್ರಿಯ
ರಾಯರೇ, ನೂರು ನವೆಂಬರ್ ಕಾಣಿರಿ.

ಕಡಲಮಗ
ಹೇಮಾವತಿಯವರ ತಂಗಿಯ ವಿಷಯ ಯಾರೂ ಎತ್ತಲಿಲ್ಲ. ನಾನು ಶಾರ್ಜಾದಲ್ಲಿದ್ದೇನೆ. ಆಕೆ ಬ್ಯಾಂಕಿಗೆ ಒಪ್ಪಿಗೆ ಪತ್ರವನ್ನೋ ಅಮ್ಮನಿಗೆ ಅಧಿಕಾರ ಪತ್ರವನ್ನೋ ಕೊಡುವುದಾದರೆ ದುಬೈನ ಭಾರತೀಯ ಕಾನ್ಸುಲೇಟಿನ ಸೇವೆಯಲ್ಲಿ ಸಹಿ ದೃಢೀಕರಿಸಿ ಕಳಿಸಬೇಕು. ಅಧಿಕಾರ ಪತ್ರವಾದರೆ ಭಾರತಕ್ಕೆ ಬಂದ ಮೇಲೆ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ, ಮರೆಯಬೇಡಿ.

ಮದುವೆ ಅಥವಾ ಪದವಿ ಪ್ರಮಾಣ ಪತ್ರವನ್ನು ಅಲ್ಲಿಂದ ಇಲ್ಲಿಗೆ ತರುವವರಿಗೆ ಇನ್ನೊಂದು ಮಾತು. ಅಪೋಸ್ಟಿಲ್ ಮುದ್ರೆ (ಒಪ್ಪಂದಕ್ಕೆ ಸೇರಿದ ದೇಶಗಳೆಲ್ಲ ಒಪ್ಪುವ ಒಂದೇ ದೃಢೀಕರಣ) ಹಾಕಿಸಿದರೆ ಎಲ್ಲ ಕಡೆ ನಡೆಯುತ್ತದೆ ಎಂದು ಏಜೆಂಟರು ಹೇಳುತ್ತಾರೆ. ಭಾರತ 2005ರಿಂದ ಆ ಒಪ್ಪಂದದಲ್ಲಿದೆ, ಒಮಾನ್, ಸೌದಿ ಇವೆ, ಕೆನಡಾ 2024ರಲ್ಲಿ ಸೇರಿತು. ಎಮಿರೇಟ್ಸ್ ಸೇರಿಲ್ಲ. ಇಲ್ಲಿಗೆ ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯ, ಭಾರತದಲ್ಲಿರುವ ಎಮಿರೇಟ್ಸ್ ರಾಯಭಾರ ಕಚೇರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಬರಬೇಕು. ಅಷ್ಟೆಲ್ಲ ಮುದ್ರೆ ಬಿದ್ದರೂ ಒಳಗಿನ ವಿಷಯ ನಿಜವೆಂದು ಯಾರೂ ಹೇಳುವುದಿಲ್ಲ, ಕೆಳಗಿನ ಸಹಿ ಇಂಥ ಅಧಿಕಾರಿಯದೇ ಎಂದಷ್ಟೇ ಹೇಳುತ್ತಾರೆ.

ಹೇಮಾವತಿ ದಂಡೆ
ಇದು ಬಹಳ ಉಪಕಾರವಾಯಿತು ಅಣ್ಣಾ. ಅಜ್ಜಿಗೆ ವಿಷಯ ಹೇಳಿದೆ. ‘ನನಗೂ ಪಾಲಿದೆಯೇ? ಹಾಗಾದರೆ ಮೊದಲು ನನ್ನ ಕಿವಿಯ ಯಂತ್ರ ಬದಲಾಯಿಸಿ’ ಎಂದರು. ಇನ್ನೊಂದು ಸಂದೇಹ: ಅಪಘಾತ ವಿಮೆಯೊಂದಿದೆ. ಮರಣ ಪ್ರಮಾಣ ಪತ್ರದಲ್ಲಿ ಸಾವಿನ ಕಾರಣವೇ ಇಲ್ಲ ಎಂದು ಮರಳಿಸಿದ್ದಾರೆ. ತಿದ್ದಿಸಬೇಕೇ?

ಹಳೆಯ ಗುಮಾಸ್ತ
ಅದರಲ್ಲಿ ಇರುವುದೇ ಇಲ್ಲಮ್ಮ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಸಾರ್ವಜನಿಕರಿಗೆ ಕೊಡುವ ಪ್ರತಿಯಲ್ಲಿ ಸಾವಿನ ಕಾರಣ ಕಾಣಿಸಬಾರದು. ಕಾರಣ ಬೇಕಿದ್ದರೆ ಆಸ್ಪತ್ರೆಯ ವೈದ್ಯರು ಕೊಡುವ ಪತ್ರ, ಅಪಘಾತವಾದರೆ ಪ್ರಥಮ ವರ್ತಮಾನ ವರದಿ ಮತ್ತು ಶವಪರೀಕ್ಷಾ ವರದಿ ಕೊಡಿ.

ಸಿಇಟಿ ಅಪ್ಪ
ಮಗಳ ಅರ್ಜಿ ಹಾಕಿಬಂದೆ. ಸಕಾಲದ ಸಂಖ್ಯೆ ಇರುವ ರಸೀದಿ ಕೊಟ್ಟರು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಂತೆ, ನಿಜವೇ?

ನಾಡಕಚೇರಿ ಪಕ್ಕದ ಅಂಗಡಿ
ಕಾಯ್ದೆಯಲ್ಲಿ ಇದೆ ಅಣ್ಣಾ. ಪಡೆದವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ.

ಪಿಂಚಣಿ ರಾಯರು
ಕೈ ಎತ್ತಿದರೆ ಸಾಕೋ, ಬೆರಳಚ್ಚೂ ಕೊಡಬೇಕೋ?